ಪರ್ಚೇಸ್ ಸೀಟಲ್ಲಿ ಕೂರೋಕೆ ಮುಂಚೆ

ಪುಟ್ಟಾ,

ಪರ್ಚೇಸ್ ಡಿಪಾರ್ಟ್‌ಮೆಂಟಲ್ಲಿ ಕೆಲಸ ಸಿಕ್ತು ಅಂತ ನಿಮ್ಮಮ್ಮ ಫೋನ್ ಮಾಡಿದ್ಲು, ತುಂಬಾ ಖುಷಿಯಾಯ್ತು ಕಣೋ. ದೊಡ್ಡ ಕಂಪನಿ, ಒಳ್ಳೆ ಸಂಬಳ, ಎಲ್ಲಾ ಸರಿ. ಆದ್ರೆ ನೀನು ಕೂರೋ ಟೇಬಲ್ಲಿನ ಆ ಕಡೆ ನಿಂತೋಳು ನಾನು, ಪೀಣ್ಯದಲ್ಲಿ ನಿಮ್ಮ ದೊಡ್ಡಪ್ಪನ ವರ್ಕ್‌ಶಾಪಿನ ಲೆಕ್ಕಪತ್ರ ಮೊದಲಿಂದ ನೋಡ್ಕೊಂಡು ಬಂದಿರೋಳು, ಅದಕ್ಕೇ ನೀನು ಡ್ಯೂಟಿಗೆ ಸೇರೋಕೆ ಮುಂಚೆ ಇದನ್ನ ಬರೀತಿದೀನಿ, ನಿಧಾನಕ್ಕೆ ಓದು.

ನಿನ್ನ ಕಂಪ್ಯೂಟರಲ್ಲಿ ನಿಮಗೆ ಮಾಲು ಮಾಡಿಕೊಡೋ ನಾವೆಲ್ಲ ಒಂದೊಂದು ವೆಂಡರ್ ಕೋಡ್ ಅಷ್ಟೆ. ಒಂದು ಶಾಫ್ಟಿನ ಆರ್ಡರ್ ಬಂತು ಅನ್ಕೋ, ಇನ್ನೂರು ಪೀಸ್. ಇಎನ್8 ಅನ್ನೋ ಜಾತಿಯ ಸ್ಟೀಲ್ ಬಾರ್ ತರ್ಬೇಕು, ಸ್ಟೀಲ್ ಮಾರೋರು ನಮ್ಮಂಥ ಚಿಕ್ಕೋರಿಗೆ ಜಾಸ್ತಿ ದಿನ ಉದ್ರಿ ಕೊಡಲ್ಲ, ಕೈಯಿಂದ ದುಡ್ಡು ಮೊದಲೇ ಹೋಗತ್ತೆ. ನಮ್ಮ ಸಿಎನ್‌ಸಿ, ಅಂದ್ರೆ ಕಂಪ್ಯೂಟರ್ ಲೇತ್ ಮೇಲೆ ಟರ್ನಿಂಗ್ ಆಗತ್ತೆ, ಆಮೇಲೆ ಪಕ್ಕದ ರೋಡಲ್ಲಿ ಹೀಟ್ ಟ್ರೀಟ್‌ಮೆಂಟು, ಅಲ್ಲಿಂದ ಗ್ರೈಂಡಿಂಗಿಗೆ ಇನ್ನೊಬ್ಬರ ಹತ್ರ, ಪ್ಲೇಟಿಂಗಿಗೆ ಮತ್ತೊಬ್ಬರ ಹತ್ರ, ಇಷ್ಟೂ ಕಡೆ ಮಾಲು ಹೊತ್ಕೊಂಡು ಓಡಾಡೋ ಟಾಟಾ ಏಸ್ ಡ್ರೈವರಿಗೆ ಅವತ್ತಿಂದು ಅವತ್ತೇ ಬಾಡಿಗೆ. ನಿಮ್ಮ ಗೇಟಿಗೆ ಬರೋದು ಎಣ್ಣೆ ಹಚ್ಚಿ ಪೇಪರ್ ಸುತ್ತಿದ ಶಾಫ್ಟು, ಆದ್ರೆ ಅದರಲ್ಲಿ ನಾಲ್ಕೈದು ಶೆಡ್ಡಿನ ಕೂಲಿ ಸೇರಿರತ್ತೆ. ನಿಮ್ಮ ಒಂದು ಬಿಲ್ ನಿಂತ್ರೆ ನಾವು ಪ್ಲೇಟಿಂಗಿನೋರಿಗೆ ಮುಂದಿನ ವಾರ ಅಂತೀವಿ, ಅವರು ಕೆಮಿಕಲ್ ಕೊಟ್ಟೋರಿಗೆ ಮುಂದಿನ ವಾರ ಅಂತಾರೆ, ಹುಡುಗ್ರು ಪೀಜಿ ಓನರಿಗೆ, ಮೆಸ್ಸಿಗೆ ಅದನ್ನೇ ಹೇಳ್ತಾರೆ.

ದೇಶದ ಎಕಾನಮಿ ಅಂತ ಟೀವೀಲಿ ಮಾತಾಡ್ತಾರಲ್ಲ, ಅದು ಇದೇ ಕಣೋ. 2015-16ರ ಸರ್ಕಾರಿ ಸರ್ವೇ ಪ್ರಕಾರ ದೇಶದಲ್ಲಿ 6.33 ಕೋಟಿ ಇಂಥ ತೀರಾ ಚಿಕ್ಕ (ಮೈಕ್ರೋ), ಸಣ್ಣ, ಮಧ್ಯಮ ಘಟಕಗಳಿದ್ವು, ಎಂಎಸ್‌ಎಂಇ ಅಂತಾರಲ್ಲ ಅವು, ಕೆಲಸ ಮಾಡೋರು ಸುಮಾರು 11 ಕೋಟಿ ಜನ. ಜಿಡಿಪೀಲಿ ಹೆಚ್ಚುಕಮ್ಮಿ 30 ಪರ್ಸೆಂಟ್ ಇವರದ್ದೇ. ಪೀಣ್ಯ ಬೆಳೆದಿದ್ದೂ ಹಾಗೇ, ಜಾಲಹಳ್ಳೀಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಶುರುವಾದ್ಮೇಲೆ ಅಲ್ಲಿ ಕೈ ಪಳಗಿದ ಎಷ್ಟೋ ಜನ ಆಮೇಲೆ ಒಂದು ಲೇತ್ ಹಾಕ್ಕೊಂಡು ಸ್ವಂತ ಶುರು ಮಾಡಿದ್ರು. ಈಗಲೂ ಐಟಿಐ ಮುಗಿಸಿದ ಹುಡುಗ ಮೈಕ್ರೋಮೀಟರ್ ಹಿಡಿಯೋದು, ಮೆಷಿನ್ನಿಗೆ ಟೂಲಿನ ಅಳತೆ (ಆಫ್‌ಸೆಟ್) ಹಾಕೋದು ಕಲಿಯೋದು ನಮ್ಮಂಥ ಶೆಡ್ಡಲ್ಲೇ, ಕೈ ಕುದುರಿದ ಮೇಲೆ ದೊಡ್ಡ ಕಂಪನಿಗೆ ಹೋಗ್ತಾನೆ. ಹೋಗ್ಲಿ, ಸಂತೋಷವೇ. ಆದ್ರೆ ಅವನಿಗೆ ಕಲಿಸಿದ ಖರ್ಚು ಯಾವ ಕಂಪನಿ ಲೆಕ್ಕದಲ್ಲೂ ಬರಲ್ಲ.

ಈಗ ಬಿಲ್ಲಿನ ವಿಷಯ, ಇದನ್ನ ಗಮನ ಕೊಟ್ಟು ಓದು. ನಮಗೆ ಐದನೇ ತಾರೀಖು ಮೆಷಿನ್ ಇಎಂಐ, ಏಳಕ್ಕೆ ಸಂಬಳ, ಹದಿನೈದಕ್ಕೆ ಪಿಎಫ್, ಇಪ್ಪತ್ತಕ್ಕೆ ಜಿಎಸ್‌ಟಿ. ನೀವು ದುಡ್ಡು ಕೊಟ್ಟಿರಿ ಬಿಟ್ಟಿರಿ, ಬಿಲ್ ಹಾಕಿದ್ಮೇಲೆ ಮುಂದಿನ ತಿಂಗಳು ಜಿಎಸ್‌ಟಿ ನಾವು ಕಟ್ಟಲೇಬೇಕು. 10 ಲಕ್ಷದ ಬಿಲ್ ಅನ್ಕೋ, ಅದರಲ್ಲಿ ನಮಗೆ 8 ಪರ್ಸೆಂಟ್ ಉಳಿದ್ರೆ 80 ಸಾವಿರ. ಆ 10 ಲಕ್ಷ ಮೂರು ತಿಂಗಳು ಲೇಟಾಗಿ ಬಂದ್ರೆ ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್) ಸಾಲದ ಅಕೌಂಟಲ್ಲಿ 12 ಪರ್ಸೆಂಟ್ ಲೆಕ್ಕದಲ್ಲಿ 30 ಸಾವಿರ ಬಡ್ಡಿಗೇ ಹೋಯ್ತು. ನಿಮ್ಮ ಕಂಪನಿಗೆ ಬಡ್ಡಿಯಿಲ್ಲದ ಸಾಲ ಸಿಕ್ತು, ಕೊಟ್ಟಿದ್ದು ಬ್ಯಾಂಕಲ್ಲ, ಈ ಶೆಡ್ಡು. ಆಮೇಲೆ ಬಂದ ದುಡ್ಡು ಊಟಕ್ಕಿಲ್ಲದ ಉಪ್ಪಿನಕಾಯಿ.

ಕಾನೂನು ಇಲ್ಲ ಅಂತಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಇದೆ, ಮೈಕ್ರೋ ಮತ್ತು ಸಣ್ಣ ಘಟಕಗಳಿಗೆ ಅಗ್ರಿಮೆಂಟ್ ಏನೇ ಬರ್ಕೊಂಡ್ರೂ 45 ದಿನದೊಳಗೆ ಕೊಡ್ಬೇಕು, ಬರಹದಲ್ಲಿ ಏನೂ ಇಲ್ದಿದ್ರೆ 15 ದಿನ, ತಪ್ಪಿದ್ರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. 2023-24ರಿಂದ ಇನ್ಕಮ್ ಟ್ಯಾಕ್ಸಲ್ಲೂ ಬಿಗಿ ಮಾಡಿದ್ರು, ಟೈಮಿಗೆ ಕೊಡದೆ ವರ್ಷದ ಕೊನೆಗೂ ಬಾಕಿ ಉಳಿಸ್ಕೊಂಡ ದುಡ್ಡನ್ನ ಆ ವರ್ಷದ ಖರ್ಚು ಅಂತ ತೋರ್ಸೋ ಹಾಗಿಲ್ಲ. ಸರ್ಕಾರದ ಪೋರ್ಟಲಲ್ಲಿ ಕಂಪ್ಲೇಂಟೂ ಹಾಕ್ಬೋದು. ಆದ್ರೆ ಹಾಕೋರು ಯಾರು ಹೇಳು? ಹಾಕಿದ ಮರುದಿನ ಆರ್ಡರ್ ಪಕ್ಕದ ಶೆಡ್ಡಿಗೆ ಹೋಗತ್ತೆ ಅನ್ನೋ ಭಯ. ನಮಗೇ ಒಂದು ಕಡೆಯಿಂದ ದುಡ್ಡು ಬರೋದಿತ್ತು, ತಿಂಗಳುಗಟ್ಟಲೆ ಓಡಾಡಿಸಿದ್ರು, ಮೇಲಿನವರ ಸೈನ್ ಆಗಿಲ್ಲ, ಜಿಆರ್‌ಎನ್ (ಮಾಲು ಬಂತು ಅಂತ ಸ್ಟೋರ್ಸ್‌ನೋರು ಮಾಡೋ ಎಂಟ್ರಿ) ಆಗಿಲ್ಲ ಅಂತ ದಿನಕ್ಕೊಂದು ಮಾತು, ದೊಡ್ಡಪ್ಪ ಬಾಯಿ ಮುಚ್ಕೊಂಡು ಕಾದ್ರು, ಯಾಕಂದ್ರೆ ಮೆಷಿನ್ ಖಾಲಿ ನಿಲ್ಲೋದು ಅದಕ್ಕಿಂತ ಕಷ್ಟ. ಅದಕ್ಕೇ ಹೇಳ್ತೀನಿ, ವೆಂಡರ್ ಸುಮ್ನಿದ್ದಾನೆ ಅಂದ್ರೆ ಎಲ್ಲಾ ಚೆನ್ನಾಗಿದೆ ಅಂತ ತಿಳ್ಕೋಬೇಡ.

ನೀನು ಹೊಸಬ, ಪಾಲಿಸಿ ಬದಲಾಯಿಸೋ ಅಧಿಕಾರ ನಿನ್ನ ಕೈಲಿಲ್ಲ ಅಂತ ಗೊತ್ತು. ಆದ್ರೆ ನಿನ್ನ ಕೈಲಿ ಆಗೋದು ಬೇಕಾದಷ್ಟಿದೆ. ಮಾಲು ಬಂದ ದಿನವೇ ಜಿಆರ್‌ಎನ್ ಆಗೋ ಹಾಗೆ ಸ್ಟೋರ್ಸ್‌ನೋರ ಬೆನ್ನು ಹತ್ತು, ಎಷ್ಟೋ ಬಿಲ್ಲು ಸಾಯೋದೇ ಅಲ್ಲಿ. ರಿಜೆಕ್ಷನ್ ಇದ್ರೆ ಬೇಗ, ಬರಹದಲ್ಲಿ ಹೇಳು, ಎರಡು ತಿಂಗಳಾದ್ಮೇಲೆ ದುಡ್ಡು ಕಟ್ ಮಾಡ್ಕೊಂಡು ಡೆಬಿಟ್ ನೋಟ್ ಕಳಿಸ್ಬೇಡ. ಡ್ರಾಯಿಂಗ್ ರಿವಿಜನ್ ಆದ್ರೆ ಹಳೇ ಡ್ರಾಯಿಂಗಲ್ಲಿ ಕಟ್ ಆಗಿರೋ ಮೆಟೀರಿಯಲ್ ದುಡ್ಡು ಯಾರದ್ದು ಅಂತ ಅವತ್ತೇ ಮಾತಾಡು. ರೇಟ್ ಕಮ್ಮಿ ಮಾಡಿ ಅಂತ ಕೇಳು, ಅದು ನಿನ್ನ ಕೆಲಸ, ಆದ್ರೆ ಕೇಳೋಕೆ ಮುಂಚೆ ಒಂದು ಸಲ ಆ ಶೆಡ್ಡಿಗೆ ಹೋಗಿ ಆ ಪೀಸಿಗೆ ಎಷ್ಟು ಸೆಟಪ್, ಎಷ್ಟು ಟೈಮ್ ಅಂತ ಕಣ್ಣಾರೆ ನೋಡ್ಕೊಂಡು ಬಾ.

ಇನ್ನೊಂದು, ಟ್ರೆಡ್ಸ್ ಅಂತ ಇದೆ, ನಮ್ಮ ಬಿಲ್ಲಿನ ಮೇಲೆ ಬ್ಯಾಂಕಿಂದ ಮೊದಲೇ ದುಡ್ಡು ತಗೊಳ್ಳೋ ಆನ್‌ಲೈನ್ ವ್ಯವಸ್ಥೆ. 250 ಕೋಟಿಗಿಂತ ಜಾಸ್ತಿ ಟರ್ನೋವರ್ ಇರೋ ಕಂಪನಿಗಳು ಅದರಲ್ಲಿ ರಿಜಿಸ್ಟರ್ ಆಗ್ಲೇಬೇಕು ಅಂತ ಸರ್ಕಾರ 2025ರ ಮಾರ್ಚ್ 31ರ ಗಡುವು ಕೊಟ್ಟಿತ್ತು. ರಿಜಿಸ್ಟರ್ ಆದ್ರೆ ಸಾಲದು, ನೀವು ಅಲ್ಲಿ ಇನ್‌ವಾಯ್ಸ್ ಅಕ್ಸೆಪ್ಟ್ ಮಾಡಿದ್ರೆ ಮಾತ್ರ ಬ್ಯಾಂಕ್ ನಮಗೆ ಮೊದಲೇ ದುಡ್ಡು ಕೊಡೋದು, ಆಮೇಲೆ ನೀವು ಬ್ಯಾಂಕಿಗೆ ಕಟ್ತೀರಿ. ನಿಮ್ಮಲ್ಲಿ ಆ ಅಕ್ಸೆಪ್ಟ್ ಬಟನ್ ಒತ್ತೋರು ಯಾರು ಅಂತ ಮೊದಲ ವಾರದಲ್ಲೇ ಕೇಳಿ ತಿಳ್ಕೋ. ಹಾಗೇ 45 ದಿನ ದಾಟಿದ ಬಾಕಿ ಇದ್ರೆ ಕಂಪನಿಗಳು ಆರು ತಿಂಗಳಿಗೊಮ್ಮೆ ಎಂಎಸ್‌ಎಂಇ-1 ಫಾರ್ಮಲ್ಲಿ ಸರ್ಕಾರಕ್ಕೆ ತೋರಿಸ್ಬೇಕು, ಅಕೌಂಟ್ಸ್‌ನೋರನ್ನ ವಿಚಾರಿಸಿ ಹೋದ ಸಲದ್ದು ಒಂದು ಸಲ ಓದು, ನಿನ್ನ ವೆಂಡರ್‌ಗಳು ಯಾರ್ಯಾರು ಅದರಲ್ಲಿದ್ದಾರೆ ಅಂತ ನೋಡ್ಕೋ.

ಸೇರಿದ್ಮೇಲೆ ಒಂದು ಶನಿವಾರ ಬಾ, ದೊಡ್ಡಪ್ಪ ಶಾಪ್ ಫ್ಲೋರೆಲ್ಲ ತೋರಿಸ್ತಾರೆ, ಹೀಟ್ ಟ್ರೀಟ್‌ಮೆಂಟಿನೋರ ಹತ್ರಾನೂ ಕರ್ಕೊಂಡು ಹೋಗ್ತಾರಂತೆ. ಅಮ್ಮಂಗೆ ಬಿಪಿ ಮಾತ್ರೆ ತಪ್ಪಿಸ್ಬೇಡ ಅಂತ ಹೇಳು.

ನಿನ್ನ
ದೊಡ್ಡಮ್ಮ