ಬಿಲ್ ಜೊತೆಗೆ ಕೇಸ್ ಶೀಟ್ ಕೊಡಲಿ

ಮಾನ್ಯರೇ,

ಆಸ್ಪತ್ರೆಯ ನಿರ್ಲಕ್ಷ್ಯಕ್ಕೆ ಪರಿಹಾರ ಕೇಳಲು ಹೊರಟ ಕುಟುಂಬ ಎಷ್ಟೋ ಸಲ ಗ್ರಾಹಕ ಆಯೋಗದ ಮೆಟ್ಟಿಲು ಹತ್ತುವ ಮೊದಲೇ, ಆಸ್ಪತ್ರೆಯ ದಾಖಲೆ ಕೌಂಟರಿನಲ್ಲೇ ಸೋತು ಕೂರುತ್ತದೆ. ರೋಗಿ ಅಥವಾ ಅವರ ಅಧಿಕೃತ ಪ್ರತಿನಿಧಿ ಕೇಳಿದ 72 ಗಂಟೆಗಳೊಳಗೆ ಚಿಕಿತ್ಸೆಯ ದಾಖಲೆ, ಅಂದರೆ ಕೇಸ್ ಶೀಟ್, ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮವೇ ಹೇಳುತ್ತದೆ. ಕೌಂಟರಿನಲ್ಲಿ ಸಿಗುವ ಉತ್ತರ ಮಾತ್ರ ‘ನಾಳೆ ಬನ್ನಿ’.

ನಮ್ಮ ಬಂಧುವೊಬ್ಬರ ಕೇಸ್ ಶೀಟ್ ಕೈಗೆ ಬಂದಿದ್ದು ಮೂರು ವಾರದ ಮೇಲೆ. ರಾತ್ರಿ ಬಿಪಿ ನೋಡಿದ ಸಮಯವನ್ನು ಬೇರೆ ಪೆನ್ನಿನಲ್ಲಿ ತಿದ್ದಲಾಗಿತ್ತು. ಪಕ್ಕದಲ್ಲಿ ಸಹಿ ಇಲ್ಲ, ದಿನಾಂಕವೂ ಇಲ್ಲ. ಯಾರು ತಿದ್ದಿದರು, ಯಾವಾಗ? ಯಾರನ್ನು ಕೇಳುವುದು?

ಗ್ರಾಹಕ ಆಯೋಗಕ್ಕೆ ದೂರು ಕೊಡಲು ಸಾಮಾನ್ಯವಾಗಿ ಇರುವುದು 2 ವರ್ಷ. ದುಃಖದಲ್ಲಿರುವ ಮನೆಯವರಿಗೆ ಅದರಲ್ಲಿ ಎಷ್ಟೋ ತಿಂಗಳು ಹೀಗೆ ಅಲೆದಾಟದಲ್ಲೇ ಸುಮ್ನೆ ಕಳೆದುಹೋಗುತ್ತದೆ. ಪ್ರತಿ ಸಾವಿಗೂ ವೈದ್ಯರೇ ಹೊಣೆ ಎಂದು ನಾನು ಹೇಳುತ್ತಿಲ್ಲ. ಆಸ್ಪತ್ರೆಗೆ ನುಗ್ಗಿ ಹೊಡೆಯುವುದಂತೂ ಶುದ್ಧ ತಪ್ಪು. ಸರಿಯಾಗಿ ನೋಡಿಕೊಂಡ ವೈದ್ಯರನ್ನು ಕಾಪಾಡುವುದೂ ಇದೇ ಕಾಗದ, ಅಲ್ವಾ?

ರೋಗಿಯ ಬಿಡುಗಡೆ ಅಥವಾ ಸಾವಿನ ದಿನವೇ, ಕೊನೆಯ ಬಿಲ್ ಜೊತೆಯಲ್ಲೇ, ಪುಟಸಂಖ್ಯೆ ಹಾಕಿದ ಪೂರ್ತಿ ಕೇಸ್ ಶೀಟಿನ ನಕಲು ಕೊಡುವುದನ್ನು ಆರೋಗ್ಯ ಇಲಾಖೆ ಕಡ್ಡಾಯ ಮಾಡಲಿ. ಬಿಲ್ ಒಂದು ಗಂಟೆಯಲ್ಲಿ ಸಿದ್ಧವಾಗುತ್ತದೆ. ಇದೂ ಆಗುತ್ತದೆ.

– ಒಬ್ಬ ಓದುಗ