ತುರ್ತು ಸಾಮಾನಿಗೆ ರಾತ್ರಿಯೂ ಬಾಗಿಲು ತೆರೆದಿರಲಿ: ಕಲಬುರಗಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ಶರಣಾರ್ಥಿ.

ನಾನು ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಲೇತ್ ವರ್ಕ್‌ಶಾಪ್ ನಡೆಸುತ್ತೇನೆ. ದಾಲ್ ಮಿಲ್‌ಗಳಿಗೆ ಶಾಫ್ಟ್, ಪುಲ್ಲಿ, ಬುಶ್ ಮಾಡಿಕೊಡುವುದು ನನ್ನ ಕೆಲಸ. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಕೆಲಸವೂ ಆಗಾಗ ಬರುತ್ತದೆ. ಮಷಿನ್ ಕೆಟ್ಟು ನಿಂತಾಗ ಮೊದಲು ಫೋನ್ ಬರುವುದು ನಮ್ಮಂಥವರಿಗೆ. ಆ ಅನುಭವದಿಂದಲೇ ತಮಗೆ ಒಂದು ಮಾತು ಹೇಳಬೇಕಿದೆ. ನಮ್ಮೂರಿಗೆ ಸಾಮಾನು ಬರುವುದು ತಡವಾಗುತ್ತಿಲ್ಲ. ಬಂದ ಸಾಮಾನು ಕೈಗೆ ಸಿಗುವುದು ತಡವಾಗುತ್ತಿದೆ.

ಕಳೆದ ಜನವರಿಯ ಒಂದು ಶನಿವಾರ ನಡೆದದ್ದು ಹೇಳುತ್ತೇನೆ. ತೊಗರಿ ರಾಶಿ ಮುಗಿದು ಗಂಜ್‌ಗೆ, ಅಂದರೆ ಕೃಷಿ ಮಾರುಕಟ್ಟೆಗೆ, ಮಾಲು ಜೋರಾಗಿ ಬರುತ್ತಿದ್ದ ಸಮಯ. ನಮ್ಮ ಪಕ್ಕದ ಮಿಲ್‌ನಲ್ಲಿ ತೊಗರಿಯ ಸಿಪ್ಪೆ ತೆಗೆಯುವ ಎಮರಿ ರೋಲರ್‌ನ ಬೇರಿಂಗ್ ಒಡೆಯಿತು. ಶಾಫ್ಟ್ ಕೂಡ ತಿಂದುಹೋಗಿತ್ತು. ಶಾಫ್ಟ್ ನಾನು ರಾತ್ರಿ ಕೂತು ಸರಿಮಾಡಿದೆ. ಆ ಅಳತೆಯ ಬೇರಿಂಗ್ ಮಾತ್ರ ಊರಲ್ಲಿ ಯಾರ ಹತ್ತಿರವೂ ಇರಲಿಲ್ಲ. ಹೈದರಾಬಾದಿನ ಒಬ್ಬ ಅಂಗಡಿಯವರು ಪುಣ್ಯಕ್ಕೆ ಕೂಡಲೇ ಒಪ್ಪಿ, ರಾತ್ರಿ 9 ಗಂಟೆಯ ಬಸ್ಸಿಗೆ ಪಾರ್ಸಲ್ ಹಾಕಿದರು.

ಬಸ್ಸು ಬೆಳಗಿನ ಜಾವ 3 ಗಂಟೆಗೆ ಕಲಬುರಗಿ ಮುಟ್ಟಿತು. ನಾವು ಹೋಗುವಷ್ಟರಲ್ಲಿ ಡ್ರೈವರ್ ಬಾಕ್ಸನ್ನು ಪಾರ್ಸಲ್ ಆಫೀಸಿನ ಒಳಗೆ ಇಳಿಸಿ ಮುಂದೆ ಹೋಗಿದ್ದ. ಷಟರ್‌ಗೆ ಬೀಗ. ಕೀಲಿ ಇದ್ದವರ ಫೋನ್ ಬಂದ್. ಬೆಳಗಾದರೆ ಭಾನುವಾರ, ರಜೆ. ಷಟರ್ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಗೋಡೆ ಬದಿಗೆ ನಮ್ಮ ಬಾಕ್ಸ್ ಕಾಣುತ್ತಿತ್ತು. ಮೇಲೆ ಮಿಲ್‌ನ ಹೆಸರು, ಅದರ ಕೆಳಗೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಅರ್ಜೆಂಟ್ ಅಂತ ಬರೆದಿದ್ದರು. ಅದು ನಮ್ಮ ಕೈಗೆ ಬಂದದ್ದು ಸೋಮವಾರ 10 ಗಂಟೆಗೆ. ಹೈದರಾಬಾದಿನಿಂದ ಕಲಬುರಗಿಗೆ 6 ಗಂಟೆ. ಆ ಷಟರ್ ದಾಟಲು 31 ಗಂಟೆ!

ಆ ಎರಡು ದಿನ ಮಿಲ್ ನಿಂತಿತ್ತು. ಎಣ್ಣೆ ಹಚ್ಚಿ ಅಂಗಳದಲ್ಲಿ ಒಣಗಿಸಿದ ತೊಗರಿ ಹಾಗೇ ಬಿದ್ದಿತ್ತು. ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲರಿಗೆ, ಬೇಳೆ ಹಸನು ಮಾಡುವ ಹೆಣ್ಣುಮಕ್ಕಳಿಗೆ ಆ ದಿನಗಳ ಕೂಲಿ ಹೋಯಿತು. ಸೋಮವಾರ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಬಂದ ಒಬ್ಬ ತಾಯಿ ಗೇಟಿನಲ್ಲೇ ನಿಂತು ಕೇಳಿದರು, "ಅಣ್ಣಾರ, ಇವತ್ತೂ ಮಷಿನ್ ಚಾಲೂ ಆಗಲ್ಲೇನ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲೇ ಒಂದು ಬೇರಿಂಗ್ ತಂದಿಟ್ಟುಕೊಳ್ಳಬಹುದಿತ್ತಲ್ಲ ಅಂತ ಯಾರಾದರೂ ಕೇಳಬಹುದು. ದೊಡ್ಡ ಕಾರ್ಖಾನೆಗಳು ಹಾಗೇ ಮಾಡುತ್ತವೆ. ಅವರ ಸ್ಟೋರ್ಸ್‌ನಲ್ಲಿ ಬಿಡಿಭಾಗ ತುಂಬಿರುತ್ತವೆ. ಅಲ್ಲೂ ಸಿಗದಿದ್ದರೆ ಇಬ್ಬರು ಡ್ರೈವರ್ ಹಾಕಿ, ದಾರಿಯಲ್ಲಿ ಎಲ್ಲೂ ಬೇರೆ ಗಾಡಿಗೆ ಮಾಲು ಬದಲಿಸದೆ ಸ್ಪೆಷಲ್ ಗಾಡಿಯಲ್ಲಿ ತರಿಸುತ್ತಾರೆ. ಸಣ್ಣ ಮಿಲ್‌ನವರು ಸೀಸನ್‌ನಲ್ಲಿ ಕೈಯಲ್ಲಿದ್ದ ದುಡ್ಡನ್ನೆಲ್ಲ ತೊಗರಿ ಖರೀದಿಗೆ ಹಾಕಿರುತ್ತಾರೆ. ಎಲ್ಲಾ ಅಳತೆಯ ಬೇರಿಂಗ್, ಗೇರ್, ಬೆಲ್ಟ್ ತಂದು ಕೂಡಿಡುವುದು ಅವರಿಂದ ಆಗದ ಮಾತು. ಅವರಿಗೆ ಇರುವುದು ರಾತ್ರಿ ಬಸ್ಸು ಒಂದೇ.

ಹಾಗಂತ ದೊಡ್ಡವರಿಗೆ ತೊಂದರೆ ಇಲ್ಲ ಅಂತಲ್ಲ. ಸಿಮೆಂಟ್ ಕಿಲ್ನ್ ಅಂದರೆ ಉದ್ದನೆಯ ಸುತ್ತುವ ಕುಲುಮೆ. ಅದರೊಳಗೆ ಕ್ಲಿಂಕರ್, ಅಂದರೆ ಪುಡಿ ಮಾಡಿ ಸಿಮೆಂಟ್ ಮಾಡುವ ಸುಟ್ಟ ಗಟ್ಟಿ, ತಯಾರಾಗುವ ಜಾಗದಲ್ಲಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖ ಇರುತ್ತದೆ. ಅದು ನಿಂತರೆ ಸುಮ್ನೆ ಬಿಡುವಂತಿಲ್ಲ. ಕಿಲ್ನ್ ಬಾಗದಂತೆ ನಿಧಾನವಾಗಿ ತಿರುಗಿಸುತ್ತಲೇ ಇರಬೇಕು. ಪೂರ್ತಿ ತಣ್ಣಗಾದರೆ ಒಳಗಿನ ಇಟ್ಟಿಗೆಗೆ ಪೆಟ್ಟು. ಮತ್ತೆ ಕಾಯಿಸಲು ಒಂದು ದಿನಕ್ಕೂ ಜಾಸ್ತಿ ಹಿಡಿಯುತ್ತದೆ. ಇಂಥ ಹೊತ್ತಿನಲ್ಲಿ ಒಂದು ಪಿನ್ನಿಗೂ ಕಾಯುತ್ತಾರೆ. ಒಂದು ಮಳೆಗಾಲದಲ್ಲಿ ಅಂಥದ್ದೇ ಅವಸರದ ಕೆಲಸ ಮುಗಿಸಿ, ಸಾಮಾನನ್ನು ಬೊಲೆರೊ ಪಿಕಪ್‌ಗೆ ಹಾಕಿಕೊಂಡು ಸೇಡಂ ಕಡೆ ಹೊರಟೆವು. ಮಳಖೇಡಕ್ಕೆ ಬಂದರೆ ಸೇತುವೆ ಮೇಲೆ ಕಾಗಿಣಾ ನದಿಯ ನೀರು. ಸಾಲಾಗಿ ಗಾಡಿ ನಿಂತಿದ್ದವು, ಅದರಲ್ಲಿ ಒಂದು ಆಂಬ್ಯುಲೆನ್ಸ್ ಕೂಡ ಇತ್ತು. ಬೇರೆ ದಾರಿ ಹಿಡಿಯೋಣ ಅಂದರೆ ದಂಡೋತಿ ಸೇತುವೆಯದೂ ಅದೇ ಕತೆ. ತಿರುಗಿ ಬಂದೆವು. ಊರು ಬಿಡುವ ಮೊದಲೇ ಒಂದು ಮೆಸೇಜ್ ಬಂದಿದ್ದರೆ ಚಿಂಚೋಳಿ ಕಡೆಯ ದಾರಿ ತೆರೆದಿದೆಯಾ ಅಂತ ವಿಚಾರಿಸಿಕೊಂಡೇ ಹೊರಡುತ್ತಿದ್ದೆವು.

ಸಚಿವರೇ, ನಾನು ಕೇಳುತ್ತಿರುವುದು ದೊಡ್ಡ ಖರ್ಚಿನ ಯೋಜನೆ ಅಲ್ಲ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ನಮ್ಮ ಊರಲ್ಲೇ ಇದೆ. ಹೈದರಾಬಾದ್, ಸೊಲ್ಲಾಪುರ, ಪುಣೆ, ಬೆಂಗಳೂರು ಎಲ್ಲ ಕಡೆಗೂ ನಮ್ಮ ಬಸ್ಸು ಓಡುತ್ತವೆ. 2021ರಲ್ಲಿ ಶುರುವಾದ, ಬಸ್ಸಿನಲ್ಲಿ ಪಾರ್ಸಲ್ ಸಾಗಿಸುವ 'ನಮ್ಮ ಕಾರ್ಗೋ' ಸೇವೆಯೂ ಇದೆ. ಅದರೊಳಗೇ ತುರ್ತು ಪಾರ್ಸಲ್ ಅಂತ ಬೇರೆಯೇ ಒಂದು ದರ್ಜೆ ಮಾಡಿಸಿ. ಬಾಕ್ಸಿಗೆ ಕೆಂಪು ಚೀಟಿ ಅಂಟಿಸಲಿ. ಬಸ್ಸು ಹೊರಟ ಕೂಡಲೇ ನಮಗೆ ಮೆಸೇಜ್ ಬರಲಿ. ಕೇಂದ್ರ ಬಸ್ ನಿಲ್ದಾಣದಲ್ಲಿ ಒಂದು ಕಿಟಕಿ 24 ಗಂಟೆಯೂ, ಭಾನುವಾರವೂ ತೆರೆದಿರಲಿ. ಅಲ್ಲಿ ಒಬ್ಬರು ಕೂತು, ಗುರುತಿನ ಚೀಟಿ ನೋಡಿ, ಸಹಿ ಹಾಕಿಸಿಕೊಂಡು ಬಾಕ್ಸ್ ಕೊಡಲಿ. ಇದಕ್ಕೆ ಎರಡು ಪಟ್ಟು ದರ ಇಟ್ಟರೂ ಕೊಡಲು ನಾವು ತಯಾರಿದ್ದೇವೆ. ನಿಂತ ಮಷಿನ್ನಿನ ನಷ್ಟದ ಮುಂದೆ ಆ ದುಡ್ಡು ಏನೂ ಅಲ್ಲ.

ಮಳಖೇಡದ ಸೇತುವೆ ಎತ್ತರವಾಗಬೇಕು, ಅದು ತಮಗೂ ಗೊತ್ತಿರುವ ವಿಷಯ. ಅಲ್ಲಿಯವರೆಗೆ ಇಷ್ಟಾದರೂ ಆಗಲಿ. ಕಾಗಿಣಾಕ್ಕೆ ಹರಿಯುವ ಬೆಣ್ಣೆತೊರೆ ಜಲಾಶಯದ ನೀರು ಬಿಡುವ ಮೊದಲು ಮತ್ತು ಸೇತುವೆ ಬಂದ್ ಮಾಡುವಾಗ ಜಿಲ್ಲಾಡಳಿತದಿಂದ ಸರಕು ಗಾಡಿಯವರ ಮೊಬೈಲಿಗೆ ಒಂದು ಸಂದೇಶ ಬರಲಿ. ಯಾವ ದಾರಿ ತೆರೆದಿದೆ ಅನ್ನುವುದೂ ಅದರಲ್ಲಿರಲಿ.

ಇನ್ನೊಂದು ಸಣ್ಣ ವಿಷಯ. ದಾರಿಯಲ್ಲಿ ಗಾಡಿ ಕೆಟ್ಟು ಬೇರೆ ಗಾಡಿಗೆ ಮಾಲು ಹಾಕಿದರೆ ಇ-ವೇ ಬಿಲ್ಲಿನ, ಅಂದರೆ ಸರಕು ಸಾಗಣೆಯ ಜಿಎಸ್‌ಟಿ ಆನ್‌ಲೈನ್ ದಾಖಲೆಯ, ಗಾಡಿ ವಿವರದ ಪಾರ್ಟ್-ಬಿಯಲ್ಲಿ ಹೊಸ ಗಾಡಿ ನಂಬರ್ ಹಾಕಬೇಕು. ನಡುರಾತ್ರಿ ಹುಮನಾಬಾದ್ ಹತ್ತಿರ ನಿಂತ ಡ್ರೈವರ್‌ಗೆ ಇದು ತಿಳಿಯುವುದಿಲ್ಲ, ಕಳಿಸಿದವರು ಮಲಗಿರುತ್ತಾರೆ. ರಾತ್ರಿ ಹೊತ್ತು ಕನ್ನಡದಲ್ಲಿ ದಾರಿ ಹೇಳುವ ಒಂದು ಸಹಾಯವಾಣಿ ಇದ್ದರೆ ಎಷ್ಟೋ ಗಾಡಿಗಳು ಬೆಳಗಿನವರೆಗೆ ನಿಲ್ಲುವುದು ತಪ್ಪುತ್ತದೆ.

2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅದೇ ವರ್ಷ ನವೆಂಬರ್ 22ಕ್ಕೆ ವಿಮಾನ ನಿಲ್ದಾಣವೂ ಉದ್ಘಾಟನೆ ಆಯಿತು. ಎರಡಕ್ಕೂ ನಾವು ಖುಷಿಪಟ್ಟವರೇ. 3 ಕಿಲೋಮೀಟರಿಗೂ ಉದ್ದದ ಆ ರನ್‌ವೇ ಮೇಲೆ ಮುಂದೆ ಸರಕೂ ಇಳಿಯಲಿ ಅನ್ನುವ ಆಸೆ ನಮಗಿದೆ. ಆದರೆ ಮೊದಲು ಆ ಕಿಟಕಿ ತೆರೆಸಿ.

ಡಿಸೆಂಬರ್ ಕೊನೆಗೆ ಹೊಸ ತೊಗರಿ ಗಂಜ್‌ಗೆ ಬರಲು ಶುರುವಾಗುತ್ತದೆ. ಅಷ್ಟರೊಳಗೆ ಸಾರಿಗೆ ನಿಗಮದ ಅಧಿಕಾರಿಗಳು, ಮಿಲ್‌ನವರು, ಹಮಾಲರ ಪ್ರತಿನಿಧಿಗಳು, ನಮ್ಮಂಥ ವರ್ಕ್‌ಶಾಪ್‌ನವರು, ಎಲ್ಲರನ್ನೂ ಕರೆದು ತಾವು ಒಂದು ಸಭೆ ಮಾಡಿ. ಎಲ್ಲಿಂದ, ಯಾವ ಬಸ್ಸಿಗೆ, ಎಂಥ ಸಾಮಾನು ಬರುತ್ತದೆ ಅನ್ನುವ ನನ್ನ ವರ್ಕ್‌ಶಾಪ್‌ನ ಲೆಕ್ಕದ ಪುಸ್ತಕ ತೆಗೆದುಕೊಂಡು ನಾನು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಪನೂರಿನ ಒಬ್ಬ ಲೇತ್ ಕೆಲಸಗಾರ
ಕಲಬುರಗಿ