1807ಕ್ಕೇ ಮುಗಿದುಹೋಗುವ ವಿಲ್ಬರ್‌ಫೋರ್ಸ್ ಕಥೆ

ಮಾನ್ಯ ಸಂಪಾದಕರೇ,

ಗುಲಾಮರ ವ್ಯಾಪಾರದ ವಿರುದ್ಧ ಬ್ರಿಟನ್ನಿನ ಸಂಸತ್ತಿನಲ್ಲಿ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ ಅವರನ್ನು ಕುರಿತ, ಮೈಕೆಲ್ ಆಪ್ಟೆಡ್ ನಿರ್ದೇಶನದ ‘ಅಮೇಜಿಂಗ್ ಗ್ರೇಸ್’ (2006) ಚಿತ್ರದ ಬಗ್ಗೆ ನೋಡುಗರಲ್ಲಿ ಒಮ್ಮತವಿಲ್ಲ. ಅದು ಹಲವರ ಮನಸ್ಸನ್ನು ಕಲಕಿದೆ. ಕೆಲವರಿಗೆ ಬರಿಯ ಭಾಷಣ ಮತ್ತು ಮತ ಎಣಿಕೆಯ ನೀರಸ ಚಿತ್ರವೆನಿಸಿದೆ. ಗುಲಾಮರ ಕಥೆಯಲ್ಲಿ ಗುಲಾಮರೇ ಕಾಣುವುದಿಲ್ಲ ಎಂಬುದು ಇನ್ನು ಕೆಲವರ ಆಕ್ಷೇಪ.

ನೀರಸವೆಂಬ ದೂರನ್ನು ನಾನು ಒಪ್ಪಲಾರೆ. 1789ರ ಮೇ ತಿಂಗಳಲ್ಲಿ ವಿಲ್ಬರ್‌ಫೋರ್ಸ್ ಈ ವಿಷಯವನ್ನು ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯ ಮುಂದಿಟ್ಟರು. 1791ರಲ್ಲಿ ಅವರ ಪ್ರಯತ್ನ 88ಕ್ಕೆ ಎದುರಾಗಿ 163 ಮತಗಳಿಂದ ಬಿದ್ದುಹೋಯಿತು. ಮರುವರ್ಷ ಸಭೆಯು ‘ಕ್ರಮೇಣ’ ನಿಲ್ಲಿಸೋಣವೆಂದು ಜಾರಿಕೊಂಡಿತು. 1796ರಲ್ಲಿ ಕೇವಲ ನಾಲ್ಕು ಮತಗಳ ಅಂತರದಲ್ಲಿ ಮತ್ತೆ ಸೋಲಾಯಿತು. 1807ರ ಫೆಬ್ರುವರಿಯಲ್ಲಿ 283 ಮತಗಳು ಪರವಾಗಿ, 16 ಮಾತ್ರ ವಿರೋಧವಾಗಿ ಬೀಳುವ ಹೊತ್ತಿಗೆ ಹದಿನೆಂಟು ವರ್ಷಗಳು ಕಳೆದಿದ್ದವು. ಅಷ್ಟೂ ಕಾಲ ಬ್ರಿಟಿಷ್ ಹಡಗುಗಳು ವರ್ಷಕ್ಕೆ ಹತ್ತಾರು ಸಾವಿರ ಆಫ್ರಿಕನ್ನರನ್ನು ಹೊತ್ತೊಯ್ಯುತ್ತಲೇ ಇದ್ದುವಾದ್ದರಿಂದ, ಪ್ರೇಕ್ಷಕರನ್ನು ಅಸಹನೆಗೆ ಈಡುಮಾಡುವ ಆ ವಿಳಂಬವೇ ಈ ಕಥೆಯ ನಿಜವಾದ ಕ್ರೌರ್ಯ. 1806ರಲ್ಲೇ ತೀರಿಕೊಂಡಿದ್ದ ರಾಜಕಾರಣಿ ಚಾರ್ಲ್ಸ್ ಫಾಕ್ಸ್ ಅವರನ್ನು ಕೊನೆಯ ಮತದಾನದ ದಿನ ಎದ್ದು ಮಾತನಾಡಿಸಿದ್ದಾರಲ್ಲ, ಅಂಥ ಸ್ವಾತಂತ್ರ್ಯವನ್ನು ಚಿತ್ರಕ್ಕೆ ಬಿಟ್ಟುಕೊಡಬಹುದು.

ಗುಲಾಮರೇ ಕಾಣುವುದಿಲ್ಲ ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ತಾನೇ ದುಡಿದು ಕೂಡಿಟ್ಟ ಹಣದಿಂದ 1766ರಲ್ಲಿ ಬಿಡುಗಡೆಯನ್ನು ಕೊಂಡುಕೊಂಡ, 1789ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿ ಅದನ್ನು ಹಿಡಿದು ಊರೂರು ಸುತ್ತಿದ ಒಲಾಡಾ ಈಕ್ವಿಯಾನೋ ಇಲ್ಲಿ ಕೆಲವೇ ದೃಶ್ಯಗಳಿಗೆ ಸೀಮಿತ. ಝಾಂಗ್ ಎಂಬ ಹಡಗಿನಿಂದ 1781ರಲ್ಲಿ ನೂರಕ್ಕೂ ಹೆಚ್ಚು ಸೆರೆಯಾಳುಗಳನ್ನು ಸಮುದ್ರಕ್ಕೆ ಎಸೆದು, ಬಳಿಕ ಅವರ ಲೆಕ್ಕದಲ್ಲಿ ವಿಮೆಯ ಹಣ ಕೇಳಿದ ಸುದ್ದಿಯನ್ನು ಗುಲಾಮಗಿರಿಯ ವಿರೋಧಿ ಗ್ರ್ಯಾನ್‌ವಿಲ್ ಶಾರ್ಪ್ ಅವರಿಗೆ ಮುಟ್ಟಿಸಿದವರೂ ಇದೇ ಈಕ್ವಿಯಾನೋ. ಬಂದರಿನಿಂದ ಬಂದರಿಗೆ ಅಲೆದು ನಾವಿಕರಿಂದ ಸಾಕ್ಷ್ಯ ಕಲೆಹಾಕಿದ ಥಾಮಸ್ ಕ್ಲಾರ್ಕ್‌ಸನ್, 1792ರಲ್ಲಿ ಸಂಸತ್ತಿಗೆ 519 ಮನವಿಗಳನ್ನು ಕಳುಹಿಸಿದ ಸಾಮಾನ್ಯ ಜನ, ಗುಲಾಮರೇ ದಂಗೆಯೆದ್ದು 1804ರಲ್ಲಿ ಸ್ವತಂತ್ರಗೊಳಿಸಿದ ಹೈಟಿ, ಇವೆಲ್ಲ ಸೇರಿಯೇ ವಿಲ್ಬರ್‌ಫೋರ್ಸ್ ಅವರ ಮಾತಿಗೆ ಬಲ ಬಂದದ್ದು.

ಆದರೆ ಮೆಚ್ಚಿದವರೂ ಜರಿದವರೂ ಹೆಚ್ಚಾಗಿ ಗಮನಿಸದ ಸಂಗತಿಯೊಂದಿದೆ. 1807ರ ಗೆಲುವಿಗೆ ಚಿತ್ರ ಮುಗಿಯುವುದರಿಂದ, ಗುಲಾಮಗಿರಿಯೇ ಅಂದಿಗೆ ಕೊನೆಗೊಂಡಿತೆಂಬ ಭಾವನೆ ಪ್ರೇಕ್ಷಕರಲ್ಲಿ ಉಳಿಯುತ್ತದೆ. ಆ ಕಾಯ್ದೆ ತಡೆದದ್ದು ವ್ಯಾಪಾರವನ್ನು ಮಾತ್ರ. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿದ್ದವರು ಗುಲಾಮರಾಗಿಯೇ ಉಳಿದರು. ತಕ್ಷಣದ ವಿಮೋಚನೆಯೇ ಆಗಬೇಕೆಂದು 1824ರಲ್ಲಿ ಇಂಗ್ಲೆಂಡಿನ ಚಳವಳಿಗಾರ್ತಿ ಎಲಿಜಬೆತ್ ಹೇರಿಕ್ ಬರೆದರು; ಹೆಂಗಸರು ಸಂಘ ಕಟ್ಟಿ ಚಳವಳಿಗಿಳಿಯುವುದು ವಿಲ್ಬರ್‌ಫೋರ್ಸ್ ಅವರಿಗೆ ಸರಿಬರಲಿಲ್ಲ. 1831ರ ಕ್ರಿಸ್‌ಮಸ್ ವೇಳೆಗೆ ಜಮೈಕಾದಲ್ಲಿ ದಂಗೆಯೆದ್ದ ಗುಲಾಮರ ಮುಖಂಡ ಸ್ಯಾಮ್ಯುಯೆಲ್ ಶಾರ್ಪ್ ಅವರನ್ನು ಮರುವರ್ಷ ಗಲ್ಲಿಗೇರಿಸಲಾಯಿತು. ವಿಮೋಚನೆಯ ಮಸೂದೆ ಅಂಗೀಕಾರವಾಗುವುದು ಖಚಿತವೆಂಬ ಸುದ್ದಿ ಕೇಳಿದ ಮೂರು ದಿನಗಳಲ್ಲಿ, 1833ರ ಜುಲೈ 29ರಂದು, ವಿಲ್ಬರ್‌ಫೋರ್ಸ್ ನಿಧನರಾದರು. ಆ ಕಾಯ್ದೆಯ ಪ್ರಕಾರ ಎರಡು ಕೋಟಿ ಪೌಂಡ್ ಪರಿಹಾರ ಸಂದದ್ದು ಗುಲಾಮರ ಒಡೆಯರಿಗೆ. ಬಿಡುಗಡೆಯಾದವರಿಗೆ ಬಿಡಿಗಾಸೂ ದೊರೆಯಲಿಲ್ಲ, ಮೇಲಾಗಿ ಅವರಲ್ಲಿ ಹೆಚ್ಚಿನವರು ‘ತರಬೇತಿ’ಯ ಹೆಸರಿನಲ್ಲಿ 1838ರವರೆಗೆ ಅದೇ ಒಡೆಯರ ಬಳಿ ಕೂಲಿಯಿಲ್ಲದೆ ದುಡಿಯಬೇಕಾಯಿತು. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿದ್ದ ಪ್ರದೇಶಗಳನ್ನಂತೂ ಆ ಕಾಯ್ದೆಯಿಂದ ಹೊರಗಿಡಲಾಗಿತ್ತು.

ಇದನ್ನೆಲ್ಲ ಹೇಳಿದರೆ ವಿಲ್ಬರ್‌ಫೋರ್ಸ್ ಸಣ್ಣವರಾಗುತ್ತಾರೆಂದು ನನಗೆ ಅನ್ನಿಸುವುದಿಲ್ಲ. ಈ ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸುವ ಅಧ್ಯಾಪಕರು 1807ರಿಂದ 1838ರವರೆಗಿನ ಭಾಗವನ್ನೂ ದಯವಿಟ್ಟು ಪಾಠ ಮಾಡಬೇಕು, ಈಕ್ವಿಯಾನೋ ಅವರ ಆತ್ಮಕಥೆಯ ಒಂದೆರಡು ಅಧ್ಯಾಯಗಳನ್ನಾದರೂ ಓದಿಸಬೇಕು ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ತಮ್ಮ ಓದುಗ